ಚೆರ್ರಿಗಾಗಿ ಹಿಮ ಬಳಿದವಳು

ನಮ್ಮ ಹ್ಯಾರೋಫೀಲ್ಡಿನಲ್ಲಿ ಒಳ್ಳೆಯತನಕ್ಕೆ ಕೊರತೆಯಿಲ್ಲ. ಸಾಸ್ಕಾಚೆವನ್ ಬಯಲಿನಲ್ಲಿ ಗೋಧಿ ಕೈಕೊಟ್ಟ ವರ್ಷವೂ ಒಳ್ಳೆಯತನದ ಬೆಳೆ ನಮ್ಮಲ್ಲಿ ಕೈಕೊಟ್ಟಿಲ್ಲ. ದಾರಿಯಲ್ಲಿ ಹೋಗುವ ಪ್ರತಿ ಗಾಡಿಗೂ ಕೈ ಬೀಸುತ್ತೇವೆ. ಕಾಲು ತುಳಿಸಿಕೊಂಡವರೇ ಮೊದಲು ಕ್ಷಮೆ ಕೇಳುತ್ತೇವೆ. ವರ್ಷಕ್ಕೊಮ್ಮೆ ಒಬ್ಬರನ್ನು ಹುಡುಕಿ, ‘ವರ್ಷದ ಉತ್ತಮ ನೆರೆಯವರು’ ಎಂದು ಕೆತ್ತಿಸಿದ ಮರದ ಹಲಗೆಯನ್ನು ಕೊಟ್ಟು ಚಪ್ಪಾಳೆ ತಟ್ಟುತ್ತೇವೆ. ಕೊಟ್ಟ ಹಲಗೆಯನ್ನು ಊರು ವಾಪಸು ಕೇಳಿದ್ದು ಒಬ್ಬಳಿಂದ ಮಾತ್ರ. ಅವಳೇ ಲೂಬಾ ಪ್ರಿಸ್ತೂಪಾ.

ಉಕ್ರೇನ್ ಮೂಲದ ಲೂಬಾ ಶಾಲೆಯ ಬಸ್ಸು ಓಡಿಸುತ್ತಾಳೆ. ಅಗಲ ಭುಜ, ಹಿಂದಿನ ಸೀಟಿನ ಹುಡುಗರಿಗೂ ಮೈಕಿಲ್ಲದೆ ಮುಟ್ಟುವ ಗಂಟಲು. ಅವಳ ತಾಯಿ ಊರಾಚೆಯ ಹೊಲದ ಮನೆಯಲ್ಲಿ ವರ್ಷ ವರ್ಷವೂ ಚೆರ್ರಿ ನೆಟ್ಟು, ಪ್ರತಿ ವಸಂತದಲ್ಲೂ ಒಣಗಿದ ಕಡ್ಡಿ ಕಿತ್ತು ಒಲೆಗೆ ಹಾಕಿದವಳು. ಆಮೇಲೆ ವಿಶ್ವವಿದ್ಯಾಲಯದವರು ಸೈಬೀರಿಯದ ಕುಳ್ಳ ಪೊದೆಗೂ ಯುರೋಪಿನ ಹುಳಿ ಚೆರ್ರಿಗೂ ಗಂಟು ಹಾಕಿ, ಆಳೆತ್ತರ ಮೀರದ, ಸೊನ್ನೆಯ ಕೆಳಗೆ ನಲವತ್ತು ಡಿಗ್ರಿಯ ಚಳಿಗೂ ಬಗ್ಗದ ತಳಿ ತೆಗೆದರು. ಲೂಬಾ ಅದನ್ನು ತಂದು, ಮನೆ ಮುಂದಿನ ಹುಲ್ಲುಹಾಸನ್ನು ಅಗೆದು ಎರಡು ಸಾಲು ನೆಟ್ಟಳು. ಅಮ್ಮನ ಆಸೆ ತೀರಿಸಿದೆಯಲ್ಲ ಎಂದು ಚರ್ಚಿನ ಹೆಂಗಸರು ಕಣ್ಣೊರೆಸಿಕೊಂಡಾಗ ಅವಳು ಹೇಳಿದ್ದು ಇಷ್ಟೇ: “ಅಮ್ಮಂದೇನಿಲ್ಲ. ನಂಗೆ ಹುಳಿ ಹಣ್ಣು ಇಷ್ಟ.”

ಗಿಡ ಚಳಿಗೆ ಸಾಯುವುದಿಲ್ಲ ನಿಜ, ಆದರೆ ಹೂವು ಸಾಯುತ್ತದೆ. ಏಪ್ರಿಲ್ ಕೊನೆಯಲ್ಲಿ ನಮ್ಮಲ್ಲೊಂದು ಸುಳ್ಳು ಬಿಸಿಲು ಬರುತ್ತದೆ. ಅದನ್ನು ನಂಬಿ ಕಣ್ಣು ಬಿಟ್ಟ ಮೊಗ್ಗನ್ನು ಮೇ ತಿಂಗಳ ಇಬ್ಬನಿಗಡ್ಡೆ ಒಂದೇ ಬೆಳಗಿನಲ್ಲಿ ಕರಿ ಮಾಡುತ್ತದೆ. ಲೂಬಾಳ ಉಪಾಯ ಸರಳ. ಚಳಿಗಾಲವಿಡೀ ಪೊದೆಗಳ ಮೇಲೆ ಸೊಂಟದೆತ್ತರ ಹಿಮ ಒಟ್ಟಿ, ಕೊನೆಗೆ ಅದರ ಮೇಲೆ ಗೋಧಿಹುಲ್ಲು ಮುಚ್ಚಿದರೆ, ಊರಿನ ಗಿಡಗಳೆಲ್ಲ ಎದ್ದ ಮೇಲೂ ಚೆರ್ರಿ ಮಲಗಿರುತ್ತದೆ. ಇಲಿಗಳು ಹಿಮದೊಳಗೆ ಸುರಂಗ ಕೊರೆದು ತೊಗಟೆ ತಿನ್ನದಂತೆ ಬುಡದ ಸುತ್ತ ಗಟ್ಟಿಯಾಗಿ ತುಳಿಯಬೇಕು. ಅವಳು ದಪ್ಪ ಬೂಟು ಹಾಕಿ ಧಪಧಪ ತುಳಿಯುವುದನ್ನು ಕಿಟಕಿಯಿಂದ ನೋಡಿ, “ಉಕ್ರೇನಿನೋರಿಗೆ ಕುಣಿಯೋಕೆ ಹಬ್ಬಾನೇ ಬೇಕಿಲ್ಲ” ಎಂದು ನಾವು ನಗುತ್ತಿದ್ದೆವು.

ಆದರೆ ಅವಳ ಅಂಗಳದ ಹಿಮ ಅಷ್ಟೂ ಗಿಡಕ್ಕೆ ಸಾಲದು. ಗಾಳಿ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಬಸ್ಸು ನಿಲ್ಲಿಸಿ ಬಂದವಳೇ ಸಲಿಕೆ, ಜಾರುಬಂಡಿ ತೆಗೆದುಕೊಂಡು ಬೀದಿಯ ಮನೆಮನೆಗೂ ಹೋಗಿ, ಕಾರಿನ ದಾರಿಯ ಮೇಲಿನ ಹಿಮವನ್ನು ಬಳಿದು ತರುತ್ತಿದ್ದಳು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜನ ನಾವು. ಬೆಳಿಗ್ಗೆ ಎದ್ದರೆ ದಾರಿ ಚೊಕ್ಕ. ಯಾಕೆ, ಏನು ಎಂದು ಕೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಯಾರೂ ಕೇಳಲಿಲ್ಲ. ಅವಳ ಭುಜ ನೋಯುತ್ತದೆಯೇ ಎಂದೂ ಕೇಳಲಿಲ್ಲ. ‘ಬಂಗಾರದ ಮನಸ್ಸು’ ಎಂದು ಹೆಸರಿಟ್ಟು ಬಾಕಿ ಚುಕ್ತಾ ಮಾಡಿಕೊಂಡೆವು.

ಹಲಗೆ ಕೊಟ್ಟದ್ದು ಸುಗ್ಗಿಯ ಊಟದ ದಿನ, ಸಮುದಾಯ ಭವನದಲ್ಲಿ. ಟರ್ಕಿ ಕೋಳಿ, ಎಲೆಕೋಸಿನ ಸುರುಳಿ, ಕಡುಬಿನಂಥ ಪೆರೊಹಿ, ಎಲ್ಲ ಮುಗಿದು ಜನ ಸೊಂಟಪಟ್ಟಿ ಸಡಿಲಿಸುವ ಹೊತ್ತಿಗೆ ಮೇಯರ್ ಗಾರ್ತ್ ಲಿಂಡ್‌ಬ್ಲಾಡ್ ನಿಸ್ವಾರ್ಥ ಸೇವೆಯ ಬಗ್ಗೆ ಉದ್ದಕ್ಕೆ ಮಾತಾಡಿದರು. ಲೂಬಾ ಮೈಕಿನ ಮುಂದೆ ನಿಂತಳು.

“ಥ್ಯಾಂಕ್ಸ್ ಗಾರ್ತ್. ಆದ್ರೆ ನೀವು ತಪ್ಪು ತಿಳ್ಕೊಂಡಿದೀರ. ನಾನು ಬರ್ತಿದ್ದದ್ದು ನಿಮಗೋಸ್ಕರ ಅಲ್ಲ. ನಿಮ್ಮ ಹಿಮಕ್ಕೆ. ನನ್ನ ಚೆರ್ರಿಗೆ ಬೇಕು.”

ಭವನಕ್ಕೆ ಭವನವೇ ನಕ್ಕಿತು. “ಎಂಥಾ ವಿನಯ ನೋಡ್ರಿ!” ಎಂದು ಯಾರೋ ಕೂಗಿದರು.

“ವಿನಯ ಅಲ್ಲ ಕಣ್ರೀ. ಶರ್ಲೀ, ನಿಮ್ಮನೆ ಮೆಟ್ಟಿಲು ನಾನು ಯಾವತ್ತಾದ್ರೂ ಬಳಿದಿದೀನಾ?”

ಮುಂದಿನ ಮೇಜಿನಲ್ಲಿದ್ದ ಶರ್ಲೀ ಮ್ಯಾಕ್‌ನಾಬ್, ಅಂಚೆ ಕಚೇರಿಯ ನಿವೃತ್ತ ಗುಮಾಸ್ತೆ, ಯೋಚಿಸಿದಳು. “ಇಲ್ಲ... ಹೋದ ವರ್ಷ ಅಲ್ಲೇ ಜಾರಿಬಿದ್ದು ಮಣಿಕಟ್ಟು ಮುರ್ಕೊಂಡೆ.”

“ಹೂಂ. ಮೆಟ್ಟಿಲ ಹಿಮ ತುಳಿದು ಕೊಳಕಾಗಿರತ್ತೆ, ಗಿಡಕ್ಕೆ ಬರಲ್ಲ. ಅದಕ್ಕೇ ಬಿಟ್ಟೆ. ಪಕ್ಕದ ಆರ್ನೋ ಮನೆ ಕಡೆ ಹೋಗೋದೇ ಇಲ್ಲ, ಹಿಮ ಕರಗ್ಲಿ ಅಂತ ಅವನು ಉಪ್ಪು ಸುರೀತಾನೆ, ಗಿಡ ಸಾಯತ್ತೆ.”

ನಗು ನಿಂತಿತು.

ಕಳ್ಳನನ್ನು ನಮ್ಮೂರು ಕ್ಷಮಿಸುತ್ತದೆ, ಕುಡುಕನನ್ನೂ ಕ್ಷಮಿಸುತ್ತದೆ. ಹೊಗಳಿಕೆಯನ್ನು ಬೇಡವೆಂದವಳನ್ನು ಕ್ಷಮಿಸುವುದಿಲ್ಲ. ಅವಳು ನಿಸ್ವಾರ್ಥಿಯಲ್ಲ ಎಂದಾದರೆ, ಇಷ್ಟು ವರ್ಷ ಬಿಟ್ಟಿ ದುಡಿಸಿಕೊಂಡ ನಾವು ಏನಾದೆವು? ಆ ಪ್ರಶ್ನೆ ಬರುವ ಮೊದಲೇ ಕೋಪ ಬಂದದ್ದು ಒಳ್ಳೆಯದಾಯಿತು. ವಾರದೊಳಗೆ ಪುರಸಭೆಯಿಂದ ಒಬ್ಬ ಬಂದು, “ಹೆಸರು ತಿದ್ದಿಸಬೇಕಂತೆ” ಎಂದು ಹಲಗೆ ತೆಗೆದುಕೊಂಡು ಹೋದ. ಮತ್ತೆ ತರಲಿಲ್ಲ.

ನವೆಂಬರಿನಲ್ಲಿ ಮೊದಲ ಹಿಮ ಬಿತ್ತು. ಲೂಬಾ ಸಲಿಕೆ ಹಿಡಿದು ಶರ್ಲೀಯ ಗೇಟಿಗೆ ಹೋದಳು.

“ಏನು ಬೇಕಿತ್ತು?”

“ಹಿಮ.”

“ಅದು ನಮ್ಮ ಹಿಮ, ಲೂಬಾ.”

ತಲೆತಲಾಂತರದಿಂದ ಶಪಿಸಿ ರಸ್ತೆಗೆ ತಳ್ಳಿದ ವಸ್ತು ಒಂದೇ ರಾತ್ರಿಯಲ್ಲಿ ಪಿತ್ರಾರ್ಜಿತವಾಯಿತು. ಬೀದಿಯ ಗಂಡಸರು ಬೆಳಿಗ್ಗೆ ಬೆಳಿಗ್ಗೆ ಎದ್ದು, ಏದುಸಿರು ಬಿಡುತ್ತಾ ತಮ್ಮ ತಮ್ಮ ಹಿಮವನ್ನು ತಾವೇ ಬಳಿದು ಗ್ಯಾರೇಜಿನ ಹಿಂದೆ ಬಚ್ಚಿಟ್ಟರು. ಏನು ಮಾಡಲು? ಏನೂ ಇಲ್ಲ. ಅವಳಿಗೆ ಸಿಗಬಾರದು, ಅಷ್ಟೇ. ಔಷಧದಂಗಡಿಯಲ್ಲಿ ಸೊಂಟದ ಪಟ್ಟಿ ಖಾಲಿಯಾಯಿತು.

ಲೂಬಾ ತನ್ನ ಅಂಗಳದ್ದನ್ನೇ ಕೆರೆದು ಕೆರೆದು ಒಟ್ಟಿದಳು. ಗಾಳಿ ಬಂದು ಹೊಡೆದುಕೊಂಡು ಹೋಗುತ್ತಿತ್ತು. ಫೆಬ್ರವರಿಯ ಹೊತ್ತಿಗೆ ಹಿಮ ಅವಳ ಮೊಣಕಾಲಿನ ಮಟ್ಟಕ್ಕೂ ಇರಲಿಲ್ಲ. ಹಣ್ಣು ಬಿಡುವ ಕೊಂಬೆಗಳೆಲ್ಲ ಹೊರಗೇ ನಿಂತಿದ್ದವು.

ಅಂಥ ಒಂದು ಮಧ್ಯಾಹ್ನ ಮೇಯರ್ ಗಾರ್ತ್ ಮತ್ತು ಶರ್ಲೀ ಅವಳ ಅಡಿಗೆಮನೆಗೆ ಬಂದು ಕೂತರು. ಗಾರ್ತ್ ಕುರ್ಚಿಯಲ್ಲಿ ಕೂರುವಾಗ ಮೇಜು ಹಿಡಿದುಕೊಂಡೇ ಕೂತರು.

“ಆದದ್ದಾಯ್ತು, ಲೂಬಾ. ಊರಲ್ಲಿ ಮನಸ್ಸು ಕಹಿ ಯಾಕೆ? ಶನಿವಾರ ಕರ್ಲಿಂಗ್ ಪಂದ್ಯಕ್ಕೆ ಎಲ್ಲರೂ ಬರ್ತಾರೆ. ಅವತ್ತು ಹೇಳಿದ್ದು ತಮಾಷೆಗೆ ಅಂತ ಒಂದು ಮಾತು ಹೇಳ್ಬಿಡಿ. ಹಲಗೆಯೂ ಬರತ್ತೆ.”

“ಹಿಮ?”

“ಎಷ್ಟು ಬೇಕಾದ್ರೂ ತಗೊಳ್ಳಿ. ಯಾಕೆ ಅಂತ ಮಾತ್ರ ಹೇಳ್ಬೇಡಿ.”

ಲೂಬಾ ಕಿಟಕಿಯಿಂದ ಗಿಡಗಳನ್ನು ನೋಡಿದಳು. ಒಂದೇ ಒಂದು ಸುಳ್ಳು, ಅದೂ ಒಂದು ಸಾಲಿನದು, ಆ ಕೊಂಬೆಗಳನ್ನೆಲ್ಲ ಮುಚ್ಚುತ್ತಿತ್ತು.

“ಗಾರ್ತ್, ನಿಮ್ಮ ಸೊಂಟ ಹೇಗಿದೆ?”

“ಅಯ್ಯೋ, ಕೇಳ್ಬೇಡಿ. ರಾತ್ರಿ ಮಗ್ಗುಲು ಬದಲಾಯಿಸಕ್ಕಾಗಲ್ಲ.”

“ಹಂಗಾದ್ರೆ ಅದನ್ನೇ ಹೇಳಿ. ‘ನನ್ನ ಸೊಂಟ ಹೋಗಿದೆ ಲೂಬಾ, ಬಂದು ಬಳಿ’ ಅನ್ನಿ. ಈಗ್ಲೇ ಬರ್ತೀನಿ. ನಂಗೆ ಹಿಮ, ನಿಮಗೆ ದಾರಿ. ತಮಾಷೆ ಯಾಕೆ ಬೇಕು?”

“ಮೇಯರ್ ಆಗಿ ನಾನು ಹಾಗೆ ಕೇಳಕ್ಕಾಗತ್ತಾ?”

“ಕೇಳದೆ ಬಳಿಸ್ಕೊಂಡಾಗ ಮೇಯರ್ರೇ ಆಗಿದ್ರಲ್ಲ.”

“ನಾಲಿಗೆ ನೋಡು ಇವಳದ್ದು!” ಎಂದು ಶರ್ಲೀ ಎದ್ದಳು. ಇಬ್ಬರೂ ಹೋದರು. ಗಾರ್ತ್ ಮೆಟ್ಟಿಲಿಳಿಯುವಾಗ ಲೂಬಾ ರೆಟ್ಟೆ ಹಿಡಿದು ಇಳಿಸಿದಳು.

ಮಾರನೆಯ ದಿನ ಬೇಲಿಯಾಚೆಯಿಂದ ಆರ್ನೋ ಫ್ರೀಸನ್ ಕೆಮ್ಮಿದ. ಕೊಯ್ಲು ಯಂತ್ರಗಳ ಮೆಕ್ಯಾನಿಕ್ ಆಗಿದ್ದ ಮುದುಕ. ಮೆನೊನೈಟ್ ಎಂಬ ಕ್ರೈಸ್ತ ಪಂಥದವನು, ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದರೆ ದೇವರು ಲೆಕ್ಕ ಹಿಡಿಯುತ್ತಾನೆ ಎಂದು ನಂಬಿದವನು.

“ಉಪ್ಪು ಬಿಟ್ಟೆ. ಕ್ರಿಸ್‌ಮಸ್‌ನಿಂದ ಜಾರದ ಹಾಗೆ ಬರೀ ಮರಳೇ.”

“ಅಂದ್ರೆ?”

“ಹಿಮ ಚೊಕ್ಕಟವಾಗಿದೆ ಅಂತ. ನನ್ನ ಮಂಡಿ ಹೋಗಿದೆ. ಬಂದು ಬಳ್ಕೊ. ಆಗಸ್ಟಲ್ಲಿ ಪೈ ಮಾಡ್ಕೊಡು.”

“ಒಂದಾ?”

“ಎರಡು. ನನ್ನೇನು ದಡ್ಡ ಅನ್ಕೊಂಡ್ಯಾ? ಸಕ್ಕರೆ ಕಮ್ಮಿ.”

“ಹಿಮದಲ್ಲಿ ಮರಳು ಬಂದ್ರೆ ಒಂದೇ.”

“ಆಯ್ತು ಮಾರಾಯ್ತಿ, ಮರಳೂ ಹಾಕಲ್ಲ. ಬಿದ್ದು ಸತ್ರೆ ನೀನೇ ಹೊಣೆ.”

ಹ್ಯಾರೋಫೀಲ್ಡಿನಲ್ಲಿ ಅಂಥ ನೇರವಾದ ಮಾತುಕತೆ ಎಷ್ಟೋ ವರ್ಷಗಳಿಂದ ನಡೆದಿರಲಿಲ್ಲ. ಆರ್ನೋನ ದಾರಿಯ ಹಿಮ ಅವನ ಬೇಲಿಗೆ ಹತ್ತಿದ ಒಂದು ಸಾಲಿಗಷ್ಟೇ ಸಾಕಾಯಿತು. ಲೂಬಾ ಅದನ್ನೇ ಸೊಂಟದೆತ್ತರ ಒಟ್ಟಿ, ತುಳಿದು, ಹುಲ್ಲು ಹೊದಿಸಿದಳು. ರಸ್ತೆಯ ಕಡೆಯ ಸಾಲನ್ನು ಹಾಗೇ ಬಿಟ್ಟಳು.

ಸುಳ್ಳು ಬಿಸಿಲು ಆ ವರ್ಷವೂ ಬಂತು, ಬಂದು ಕೂತುಬಿಟ್ಟಿತು. ಮೇ ಎರಡನೆಯ ವಾರದಲ್ಲಿ ರಸ್ತೆಯ ಕಡೆಯ ಪೊದೆಗಳು ಬೆಳ್ಳಗೆ ಅರಳಿ ನಿಂತವು. ಹೋಗುವವರೆಲ್ಲ ಕಾರು ನಿಧಾನ ಮಾಡಿ ಫೋಟೋ ತೆಗೆದರು. “ನಮ್ಮ ಹಿಮ ಇಲ್ಲದೇನೇ ಎಷ್ಟು ಚೆನ್ನಾಗಿ ಬಂತು ನೋಡು, ಎಲ್ಲಾ ಬರೀ ಹಠ ಇವಳದ್ದು!” ಎಂದಳು ಶರ್ಲೀ. ಮುಂದಿನ ವಾರ ಒಂದು ಬೆಳಿಗ್ಗೆ ಇಬ್ಬನಿ ಗಡ್ಡೆಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ಆ ಹೂವುಗಳು ನೆನೆಸಿದ ಚಹಾಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ಲೂಬಾ ಬಸ್ಸಿನಿಂದ ಇಳಿದು ಬಂದು, ಒಂದು ಹೂವನ್ನು ಹಿಸುಕಿ ನೋಡಿ ಒಳಗೆ ಹೋದಳು. ಆರ್ನೋನ ಬೇಲಿಯ ಸಾಲು ಮಾತ್ರ ಇನ್ನೂ ಒದ್ದೆ ಹುಲ್ಲಿನಡಿ ಮಲಗಿತ್ತು. ಅದು ಮೇ ಕೊನೆಗೆ ಎದ್ದಿತು.

ಜುಲೈಯಲ್ಲಿ ಹಣ್ಣು ಕೆಂಪಾಯಿತು. ಕೆಂಪಾದದ್ದೇ ಕಿತ್ತು ತಿಂದು “ಥೂ, ಹುಳಿ!” ಎಂದು ಉಗಿಯುವವರು ಈ ತಳಿಯನ್ನು ಅರಿಯರು. ಲೂಬಾ ಬಲೆ ಹೊದಿಸಿ ಕಾದಳು. ಆಗಸ್ಟಿನಲ್ಲಿ ಹಣ್ಣು ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ನೇರಳೆ ಹತ್ತುವಂತಾಯಿತು. ಅರ್ಧ ಬೆಳೆಯೇ, ಆದರೆ ಬೆಳೆ. ಆರ್ನೋಗೆ ಎರಡು ಪೈ ಹೋದವು. “ಸಕ್ಕರೆ ಜಾಸ್ತಿ” ಎಂದು ಎರಡನ್ನೂ ಮುಗಿಸಿದ.

ಪ್ರತಿ ವರ್ಷ ಈ ಕಾಲಕ್ಕೆ ಊರು ಹಣ್ಣಿನಾಸೆಗೆ ಅವಳ ಗೇಟಿನ ಬಳಿ ಅಡ್ಡಾಡುವುದು ವಾಡಿಕೆ. ಆ ವರ್ಷ ಮೊದಲು ಬಂದವಳು ಶರ್ಲೀ. ಕೈ ಬೆನ್ನ ಹಿಂದೆ. ಕೈಯಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬಿ, ನಮ್ಮ ಕಡೆ ಹಣ್ಣು ಕೀಳಲು ಎಲ್ಲರೂ ಹಿಡಿಯುವಂಥದ್ದು.

“ಹೀಗೇ ಬಂದೆ ಕಣೇ. ಹೇಗಿದೀಯ ಅಂತ ನೋಡೋಣ ಅಂತ.”

“ಚೆನ್ನಾಗಿದೀನಿ. ಬಾ, ಕೂತ್ಕೊ.”

ಲೂಬಾ ಕಾಫಿ ಕೊಟ್ಟಳು, ಗಸಗಸೆ ರೊಟ್ಟಿ ಕೊಟ್ಟಳು. ಮಣಿಕಟ್ಟಿನ ವಿಷಯ ಕೇಳಿದಳು. ಗೋಧಿಯ ವಿಷಯ, ಪಾದ್ರಿಯ ವಿಷಯ, ಎಲ್ಲ ಮುಗಿಯಿತು. ಶರ್ಲೀ ಎದ್ದು ಗೇಟಿನ ತನಕ ಹೋಗಿ ನಿಂತಳು.

“ಈ ಸಲ ಹಣ್ಣು ಚೆನ್ನಾಗಿ ಬಂದಿದೆ, ಅಲ್ವಾ?”

“ಹೂಂ, ಬಂದಿದೆ.”

“ಪಾಪ, ಸುಮ್ನೆ ಹಕ್ಕಿ ಪಾಲಾಗತ್ತೆ.”

“ಹಕ್ಕಿಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ, ಶರ್ಲೀ. ನೇರ ಬಂದು ಬಾಯಿ ಹಾಕತ್ತೆ.” ಲೂಬಾ ಅವಳ ಬೆನ್ನ ಹಿಂದಿನ ಕೈಯನ್ನೇ ನೋಡುತ್ತಾ ಕಾದಳು. “ಏನಾದ್ರೂ ಬೇಕಿತ್ತಾ?”

ಶರ್ಲೀಯ ತುಟಿ ಅಲುಗಿತು. ಎರಡೇ ಮಾತು ಬೇಕಿತ್ತು: ಹಣ್ಣು ಬೇಕು. ಡಬ್ಬಿ ತುಂಬಿಸಿ ಕೊಡಲು ಹಣ್ಣಿನ ಬುಟ್ಟಿ ಸಿದ್ಧವಾಗಿ ಜಗಲಿಯ ಮೇಲೇ ಇತ್ತು, ಅದು ಇಬ್ಬರಿಗೂ ಕಾಣುತ್ತಿತ್ತು.

“ಛೆ, ಛೆ, ನಂಗೇನು ಬೇಕು? ನಿನ್ನ ನೋಡಕ್ಕೆ ಬಂದಿದ್ದು” ಎಂದಳು ಶರ್ಲೀ. ಖಾಲಿ ಡಬ್ಬಿಯನ್ನು ಬೆನ್ನಿಂದ ಹೊಟ್ಟೆಗೆ ಬದಲಿಸಿಕೊಂಡು ನಡೆದಳು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮೂವರಿಗೆ ಹೇಳಿಯಾಗಿತ್ತು: ಲೂಬಾ ಮೊದಲಿನ ಹಾಗಿಲ್ಲ, ಕೈ ಬಿಗಿಯಾಗಿದೆ.