ಜೋರಕ್ಕನ ಎಡ ಬಲ

ಜೋರಕ್ಕ ಮಾತು ಬಿಟ್ಟಿದ್ದಾಳೆ ಎಂದು ಯಾರೋ ಹೇಳಿದಾಗ ನಾನು ನಕ್ಕುಬಿಟ್ಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿನ ಯಂತ್ರಗಳ ಗದ್ದಲದಲ್ಲೂ ಆಚೆ ಗೋಡೆಯವರೆಗೆ ಮಾತು ಮುಟ್ಟಿಸಬಲ್ಲವಳು ಅವಳೊಬ್ಬಳೇ. ಹೆಸರು ಬಂದದ್ದೂ ಹಾಗೆಯೇ. ಕೈಗವಸು ಕೊಡಿ ಎಂದು ನಮ್ಮ ಕಾರ್ಮಿಕ ಸಂಘದವರು ಆಸ್ಪತ್ರೆ ಗೇಟಿನೆದುರು ಹನ್ನೊಂದು ದಿನ ಕೂತಿದ್ದಾಗ ಮೈಕು ಕೆಟ್ಟುಹೋಯಿತು. "ಅದನ್ನ ಆ ಕಡೆ ಇಡಿ, ಕಾಲಿಗೆ ಅಡ್ಡ ಬರುತ್ತೆ" ಎಂದು ಅವಳು ಎದ್ದು ನಿಂತಳು. ಮೂರನೇ ಮಹಡಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮರುದಿನ ಕೈಗವಸು ಬಂತು.

ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಹೊರಬರುವ ಹಾಸಿಗೆ ಚಾದರಗಳನ್ನು ಮಡಿಸುವುದು. ಎದುರಿಗೆ ಕಡ್ಡಿ ಎಂದು ಎಲ್ಲರೂ ಕರೆಯುವ ಸಣಕಲು ಹೆಂಗಸು. ಇಬ್ಬರೂ ಎರಡೆರಡು ಮೂಲೆ ಹಿಡಿಯಬೇಕು, ಕೊಡವಬೇಕು, ಮಡಿಸಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದೆ ಸರಿದು ಮುಂದಿನದನ್ನು ಹಿಡಿಯಬೇಕು. ಪಾಳಿಗೆ ಏಳುನೂರು ಚಾದರ. ಕೈ ಕಡೆ ನೋಡುತ್ತಾ ಕೂತರೆ ಆಗುವ ಕೆಲಸವಲ್ಲ. ಇಬ್ಬರೂ ಊರಿನವರ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತಿದ್ದರು, ಕೈಗಳು ತಮ್ಮ ಪಾಡಿಗೆ ತಾವು ಮಡಿಸುತ್ತಿದ್ದವು.

ಏನಾಯಿತು ಎಂದು ಎಲ್ಲರೂ ಕೇಳಿದರು. ಏನೂ ಆಗಿರಲಿಲ್ಲ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಗಂಡ ಶಾಲೆಯ ವ್ಯಾನು ಓಡಿಸಿಕೊಂಡಿರುವ ಸಾಧು ಪ್ರಾಣಿ. ಆದರೂ ಅವಳು ಬೆಳಿಗ್ಗೆ ಬ್ರಷ್ಷಿಗೆ ಪೇಸ್ಟ್ ಹಚ್ಚಿ, ಅದನ್ನು ಬಾಯಿಗಿಡದೆ ಒಂದು ಗಂಟೆ ಬಚ್ಚಲ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ರೋಲರಿನ ಹತ್ತಿರ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬೆರಳು ಐಸಿನಂತಾಗುತ್ತಿದ್ದವು. ಒಂದು ದಿನ ಎರಡು ಟ್ರಾಲಿಗಳ ನಡುವೆ ಕುಸಿದು ಕೂತವಳು ಏಳಲಿಲ್ಲ. ಎಂಟು ಜನರ ಕೆಲಸಕ್ಕೆ ಐದು ಜನರನ್ನು ನಿಲ್ಲಿಸಿ ಆಗಲೇ ಎರಡು ವರ್ಷವಾಗಿತ್ತು ಎಂಬುದನ್ನು ನಾನು ಇಲ್ಲಿ ಬರೆಯುತ್ತೇನೆ. ವೈದ್ಯರ ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಚೀಟಿಯಲ್ಲಿ ಇದ್ದದ್ದು ಖಿನ್ನತೆ, ಆತಂಕ ಎಂಬ ಎರಡು ಪದ. ಮಾತ್ರೆ ಕೊಟ್ಟರು. ಜೊತೆಗೆ ಫೋನಿನಲ್ಲಿ ನೋಡಿಕೊಂಡು ಮಾಡುವ ವ್ಯಾಯಾಮ: ವಾರಕ್ಕೆ ಮೂರು ಸಲ, ಅರ್ಧರ್ಧ ಗಂಟೆ, ಹನ್ನೆರಡು ವಾರ. ಇಷ್ಟರಲ್ಲಿ ಆಸ್ಪತ್ರೆಯ ಕಚೇರಿ ತನ್ನದೊಂದು ಬಾಲ ಸೇರಿಸಿತು. ವ್ಯಾಯಾಮ ನಡೆಸುವ ಸಂಸ್ಥೆ ಕೊನೆಯಲ್ಲಿ ಒಂದು ವರದಿ ಕಳಿಸುತ್ತದೆ. ವರದಿ ಚೆನ್ನಾಗಿದ್ದರೆ ಜೋರಕ್ಕ ರೋಲರಿಗೆ ವಾಪಸು. ಇಲ್ಲದಿದ್ದರೆ ಕೊಳೆ ಬಟ್ಟೆ ವಿಂಗಡಿಸುವ ಕೋಣೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ರಕ್ತ, ವಾಂತಿ, ಮೂತ್ರದ ಗಂಟುಗಳ ನಡುವೆ ದಿನವಿಡೀ ಒಬ್ಬರೇ ನಿಲ್ಲಬೇಕು. ಮನಸ್ಸು ನೆಟ್ಟಗಿದ್ದವರೂ ಅಲ್ಲಿ ತಿಂಗಳೊಳಗೆ ಗೋಡೆ ಜೊತೆ ಮಾತಾಡಲು ಶುರುಮಾಡುತ್ತಾರೆ.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮನೆಗೇ ಹೋಗಿ ಹೇಳಿದೆ. "ಇನ್ನೂ ಮೂರು ಜನ ಕೊಡಿ ಅಂದ್ರೆ, ಕೈಕಾಲು ಆಡ್ಸು ಅಂತಾರೆ. ಎಸಿ ಆ ಫೋನನ್ನ."

ಅವಳು ಫೋನನ್ನು ನನ್ನ ಕೈಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿಟ್ಟಳು. ಆಮೇಲೆ ಬಾಯಿ ಬಿಟ್ಟಳು.

"ಭಾಷಣ ಮುಗೀತಾ ಅಣ್ಣ? ನಿನ್ನೆ ಆ ಫೋನಿನ ಹುಡುಗಿ ಹೇಳಿದ ಹಾಗೆ ಕುಣಿದೆ. ಆಮೇಲೆ ಹಸಿವಾಯ್ತು. ನಾಲ್ಕು ತಿಂಗಳಾಗಿತ್ತು ನಂಗೆ ಹಸಿವಾಗಿ. ಜನ ಬೇಕು ಅನ್ನೋದೂ ನಿಜ, ಇದೂ ನಿಜ. ನಂಗೆ ಎರಡೂ ಬೇಕು."

ಮೂವತ್ತು ವರ್ಷ ಬೀದಿಯಲ್ಲಿ ಕೂಗಿದ ನಾನು ಅವತ್ತು ಅವಳ ಫೋನನ್ನು ಚಾರ್ಜಿಗೆ ಹಾಕಿ ಎದ್ದು ಬಂದೆ.

ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ಸೀರೆ ಬಿಟ್ಟು ಮಗಳ ಹಳೇ ಪ್ಯಾಂಟು ಹಾಕಿಕೊಂಡು ಅವಳು ಶುರುಮಾಡಿದಳು. ಪರದೆಯ ಮೇಲೆ ಹಸಿರು ಅಂಗಿಯ ಹುಡುಗಿ ನಗುನಗುತ್ತಾ "ಬಲಗೈ ಮೇಲೆ, ಎಡಗಾಲು ಹಿಂದೆ" ಎನ್ನುವುದು. ಇವಳು ನೆಲ ಅದುರಿಸುವುದು. ಫೋನಿನ ಕ್ಯಾಮೆರಾ ಅವಳ ಕೈಕಾಲಿನ ಒಂದೊಂದು ಚಲನೆಯನ್ನೂ ಅಳೆದು ಎಲ್ಲಿಗೋ ಕಳಿಸುತ್ತಿತ್ತು. ಗಂಡ ಬಾಗಿಲಿನಾಚೆಯಿಂದ, "ಕೆಳಗಡೆ ಮನೆಯವರು ಸುಣ್ಣ ಉದುರ್ತಿದೆ ಅಂತಿದ್ರು ಕಣೇ" ಎಂದರೆ, "ಛತ್ರಿ ಹಿಡ್ಕೊಳ್ಳೋಕೆ ಹೇಳಿ" ಎನ್ನುತ್ತಿದ್ದಳು. ಎಲ್ಲ ದಿನವೂ ಹೀಗೇ ಅಂತೇನಲ್ಲ. ಕೆಲವು ದಿನ ಹುಡುಗಿ ಒಬ್ಬಳೇ ಕುಣಿಯುತ್ತಿದ್ದಳು, ಜೋರಕ್ಕ ಕುರ್ಚಿಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಆದರೆ ಎಂಟನೇ ವಾರದ ಹೊತ್ತಿಗೆ, ಮೆಟ್ಟಿಲಿಗೆ ಅಡ್ಡವಾಗಿ ಬೈಕು ನಿಲ್ಲಿಸಿದವನನ್ನು ಅವಳು ಮೂರನೇ ಮಹಡಿಯಿಂದ ಉಗಿದದ್ದು ಇಡೀ ಬೀದಿಗೆ ಕೇಳಿಸಿತು. ಗಂಡ ನನಗೆ ಫೋನು ಮಾಡಿ ಹೇಳಿದ, ಲಾಟರಿ ಹೊಡೆದವನ ಹಾಗೆ.

ಹನ್ನೆರಡು ವಾರ ಮುಗಿಯಿತು. ವರದಿ ಬಂತು. ನೂರಕ್ಕೆ ಮೂವತ್ತೊಂದು. "ಸೂಚನೆ ಪಾಲಿಸುವುದಿಲ್ಲ. ಗಮನ ಕಡಿಮೆ. ಎಡಬಲದ ಅರಿವು ದುರ್ಬಲ." ಅದರ ಬೆನ್ನಿಗೆ ಕಚೇರಿಯ ಪತ್ರ: ಬಿಸಿ ಯಂತ್ರದ ಬಳಿ ಇಂಥವರು ಅಪಾಯ, ಬರುವ ಸೋಮವಾರದಿಂದ ಕೊಳೆ ಬಟ್ಟೆ ಕೋಣೆಗೆ ಹಾಜರಾಗತಕ್ಕದ್ದು.

ಅವಳು ಮತ್ತೆ ಮುಸುಕು ಎಳೆದುಕೊಂಡು ಮಲಗಿಬಿಟ್ಟಳು. ನಾನು ಹೋದಾಗ ಗೋಡೆ ಕಡೆ ತಿರುಗಿಯೇ ಹೇಳಿದಳು. "ತಲೆ ಕೆಟ್ಟಿದೆ ಅಂತ ಬರವಣಿಗೆಯಲ್ಲೇ ಕೊಟ್ಟರಲ್ಲ ಅಣ್ಣ. ಇನ್ನೇನು ಉಳೀತು."

ಅವಳನ್ನು ಎಬ್ಬಿಸಿದ್ದು ನಾನಲ್ಲ, ಕಡ್ಡಿ. ಮೂರನೇ ದಿನ ಬಂದು ಹೊದಿಕೆ ಕಿತ್ತಳು. "ಏಳೇ ಅಕ್ಕ. ಮೂವತ್ತೊಂದು ಬರೋ ಹಾಗೆ ಅದೇನು ಕುಣಿದಿದ್ದೀಯೋ ನಾನೂ ನೋಡ್ಬೇಕು." ಬಲವಂತ ಮಾಡಿ ಫೋನಿನ ಮುಂದೆ ನಿಲ್ಲಿಸಿದಳು. ಹಸಿರಂಗಿಯ ಹುಡುಗಿ ಬಲಗೈ ಎಂದು ತನ್ನ ಬಲಗೈ ಎತ್ತಿದಳು. ಜೋರಕ್ಕ ಸರಕ್ಕನೆ ಎಡಗೈ ಎತ್ತಿದಳು. ಎಡಗಾಲು ಎಂದರೆ ಬಲಗಾಲು. ಒಂದೂ ತಪ್ಪಲಿಲ್ಲ, ಅಂದರೆ ಎಲ್ಲವೂ ತಪ್ಪಿತು. ಕಡ್ಡಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು.

"ಅಯ್ಯೋ ನಮ್ಮಕ್ಕ, ಅವಳು ನಾನಲ್ಲ ಕಣೇ. ಅವಳ ಕೈಯಲ್ಲಿ ಚಾದರ ಇಲ್ಲ."

ಚಾದರ ಮಡಿಸದವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಬ್ಬರು ಎದುರುಬದುರು ನಿಂತು ಮಡಿಸುವಾಗ ಒಬ್ಬಳ ಬಲಗೈಗೆ ಇನ್ನೊಬ್ಬಳ ಎಡಗೈಯೇ ಜೋಡಿ. ಚಾದರದ ಒಂದೇ ಅಂಚಿನ ಎರಡು ತುದಿ ಅವು. ಎದುರಿನವಳ ಬಲಗೈ ಎದ್ದರೆ ಇವಳ ಎಡಗೈ ಏಳಬೇಕು. ಹತ್ತೊಂಬತ್ತು ವರ್ಷ, ಪಾಳಿಗೆ ಏಳುನೂರು ಸಲ ಹಾಗೆ ಎದ್ದ ಕೈ ಅದು. ಎದುರಿಗೆ ಒಬ್ಬ ಹೆಂಗಸು ನಿಂತು ಕೈ ಎತ್ತಿದರೆ ಜೋರಕ್ಕನ ಮೈ ಕಿವಿಯ ಮಾತು ಕೇಳುವುದಿಲ್ಲ, ಕಣ್ಣಿನ ಮಾತು ಕೇಳುತ್ತದೆ. ಅಂಕ ಹಾಕುವ ಯಂತ್ರಕ್ಕೆ ಇದನ್ನು ಯಾರು ಹೇಳಬೇಕು?

ಶುಕ್ರವಾರ ಮೇಲಿನ ಕಚೇರಿಗೆ ಹೋದೆವು. ಮೇಜಿನ ಹಿಂದೆ ಸಿಬ್ಬಂದಿ ಅಧಿಕಾರಿ, ಪಕ್ಕದಲ್ಲಿ ನೆಲಮಾಳಿಗೆಯ ಸೂಪರ್‌ವೈಸರ್. ನಾನು ಗಂಟಲು ಸರಿಮಾಡಿಕೊಂಡೆ. "ನೀವು ಸುಮ್ನಿರಿ ಅಣ್ಣ" ಎಂದಳು ಜೋರಕ್ಕ. ಅವಳ ಕಂಕುಳಲ್ಲಿ ಒಂದು ಚಾದರವಿತ್ತು.

"ನೋಡಮ್ಮ" ಎಂದರು ಅಧಿಕಾರಿ, "ಕಂಪ್ಯೂಟರಿಗೆ ನಿನ್ನ ಮೇಲೇನೂ ದ್ವೇಷ ಇಲ್ಲ."

"ಇಲ್ಲ ಸಾರ್. ಅದು ಯಾವತ್ತೂ ಚಾದರ ಮಡಿಸಿಲ್ಲ, ಅಷ್ಟೇ." ಅವಳು ಸೂಪರ್‌ವೈಸರ್ ಕಡೆ ತಿರುಗಿದಳು. "ಬನ್ನಿ ಸಾರ್, ಎರಡು ಮೂಲೆ ಹಿಡೀರಿ. ಬನ್ನಿ, ಕಚ್ಚಲ್ಲ."

ಆತ ಅಧಿಕಾರಿಯ ಮುಖ ನೋಡಿ, ಹಿಡಿದ.

"ಈಗ ನಾವಿಬ್ಬರೂ ಸೂಚನೆ ಪಾಲಿಸೋಣ. ಬಲಗೈ ತಂದು ಎಡಗೈ ಮೇಲಿಡಿ. ನಾನೂ ಬಲಗೈ ತಂದು ಎಡಗೈ ಮೇಲಿಡ್ತೀನಿ."

ಇಟ್ಟರು. ಚಾದರ ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡಿತು. ಸೂಪರ್‌ವೈಸರ್ ಅದನ್ನು ಬಿಡಿಸಲು ಹೋಗಿ ಇನ್ನೊಂದು ಸುತ್ತು ಸುತ್ತಿದ.

"ಬಿಡಿ. ಈಗ ನೀವು ಬಲಗೈ ಎತ್ತಿ. ನಾನು ನನ್ನ ಬುದ್ಧಿ ಪ್ರಕಾರ ಎಡಗೈ ಎತ್ತುತ್ತೀನಿ."

ನಾಲ್ಕು ಸಲ ಅವಳ ಕೈ ಆಡಿತು, ಎರಡು ಸಲ ಆತನನ್ನು ಮುಂದಕ್ಕೆ ಎಳೆದಳು. ಚಾದರ ಇಟ್ಟಿಗೆಯಂತೆ ಮಡಿಸಿಕೊಂಡು ಅಧಿಕಾರಿಯ ಮೇಜಿನ ಮೇಲೆ ಕೂತಿತು, ಆ ವರದಿಯ ಮೇಲೆಯೇ.

"ನನ್ನ ತಲೆ ಸರಿ ಇದೆ ಅಂತ ನಾನು ಹೇಳ್ತಿಲ್ಲ ಸಾರ್. ಸರಿ ಇಲ್ಲ. ಮಾತ್ರೆ ತಗೋತಿದೀನಿ. ಎಡ ಬಲ ಗೊತ್ತು ಅಂತ ಮಾತ್ರ ಹೇಳ್ತಿದೀನಿ."

ಅಧಿಕಾರಿ ಕೆಮ್ಮಿದರು. "ಆಯ್ತಮ್ಮ, ಇನ್ನೊಂದು ನಾಲ್ಕು ವಾರ ಮಾಡು. ಈ ಸಲ ಸರಿಯಾಗಿ ಬಲಗೈ ಎತ್ತು. ಹೊಸ ವರದಿ ನೋಡಿ ತೀರ್ಮಾನ ಮಾಡೋಣ."

ಒಪ್ಪಿಕೋ ಎಂದು ನನಗೇ ಅನ್ನಿಸಿತು. ನಾಲ್ಕು ವಾರ ತಾನೇ. ಅವಳು ಒಪ್ಪಲಿಲ್ಲ.

"ವ್ಯಾಯಾಮ ಮಾಡ್ತೀನಿ, ಸಾಯೋವರೆಗೂ ಮಾಡ್ತೀನಿ. ಆದ್ರೆ ಅದು ನಂದು. ನನ್ನ ಅಡುಗೆಮನೇಲಿ ನಾನು ಹೇಗೆ ಕೈ ಎತ್ತಿದೆ ಅಂತ ನಿಮಗ್ಯಾಕೆ ವರದಿ? ಕೆಲಸಕ್ಕೆ ತಕ್ಕವಳೋ ಅಲ್ವೋ ಅಂತ ವೈದ್ಯರು ಬರೀತಾರೆ. ಫೋನಿನ ಅಂಕ ನೋಡಿ ಕೆಲಸ ಬದಲಾಯಿಸಬಹುದು ಅಂತ ನಿಯಮ ಇದ್ರೆ ತೋರಿಸಿ, ಓದಿ ಸಹಿ ಹಾಕಿ ಹೋಗ್ತೀನಿ."

ಅಧಿಕಾರಿ ಒಂದು ಕಡತ ತೆರೆದರು. ಇನ್ನೊಂದು ತೆರೆದರು. ಸೂಪರ್‌ವೈಸರ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದ. ನಿಯಮ ಇರಲಿಲ್ಲ. ಇದ್ದದ್ದು ಹೇಳಿದರೆ ಕೇಳುತ್ತಾರೆ ಎಂಬ ಭರವಸೆ ಮಾತ್ರ. ಇಂಥ ಭರವಸೆಗಳನ್ನು ನಾನು ಬಹಳ ನೋಡಿದ್ದೇನೆ. ನೆಟ್ಟಗೆ ನಿಂತು ಕಾಗದ ತೋರಿಸಿ ಅಂದರೆ ಅವುಗಳ ಗಾಳಿ ಹೋಗುತ್ತದೆ.

"ವೈದ್ಯರ ಚೀಟಿ ತಗೊಂಡು ಬಾ" ಎಂದರು ಕೊನೆಗೆ. ಅವಳು ಅದೇ ಮಧ್ಯಾಹ್ನ ತಂದಳು.

ಸೋಮವಾರ ಅವಳು ರೋಲರಿನ ಮುಂದಿದ್ದಳು. ಅದೇ ಐದು ಜನ, ಅದೇ ಏಳುನೂರು ಚಾದರ. ಅದರ ಜಗಳ ಈಗಲೂ ನಡೆಯುತ್ತಿದೆ, ಅರ್ಜಿಯ ಮೊದಲ ಸಹಿ ಅವಳದೇ. ಕಾಯಿಲೆ ಹೋಗಿದೆ ಎಂದು ನಾನು ಬರೆಯುವುದಿಲ್ಲ. ಈಗಲೂ ಕೆಲವು ಬೆಳಿಗ್ಗೆ ಅವಳ ಕಾಲು ಹಾಸಿಗೆಯಿಂದ ಕೆಳಗೆ ಇಳಿಯುವುದಿಲ್ಲ, ಆಗ ಕಡ್ಡಿ ಫೋನು ಮಾಡಿ ನಾಲ್ಕು ಬೈಯುತ್ತಾಳೆ.

ಮೊನ್ನೆ ಅರ್ಜಿಯ ಕೆಲಸಕ್ಕೆ ಅವಳ ಮನೆಗೆ ಹೋದಾಗ ವ್ಯಾಯಾಮ ನಡೆದಿತ್ತು. ಫೋನಿನ ಕ್ಯಾಮೆರಾದ ಮೇಲೆ ಒಂದು ತುಂಡು ಅಂಟುಪಟ್ಟಿ. ಹುಡುಗಿ ಬಲಗೈ ಎತ್ತಿದಳು, ಜೋರಕ್ಕ ಎಡಗೈ ಎತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ಏನೋ ಮೂಡಿತು. ಗಂಡ ಬಗ್ಗಿ ಓದಿದ.

"ನೀನು ಕಾಣಿಸ್ತಿಲ್ವಂತೆ ಕಣೇ. ಇವತ್ತು ಸೊನ್ನೆ ಕೊಟ್ಟಿದೆ."

"ಕೊಡ್ಲಿ ಬಿಡಿ" ಎಂದಳು, ಕೈ ಇಳಿಸದೆ. "ಸ್ವಲ್ಪ ಆ ಕಡೆ ಸರೀರಿ. ಇನ್ನೂ ಹತ್ತು ನಿಮಿಷ ಇದೆ."