ಲೋಧಿ ಕಾಲೋನಿಯಲ್ಲಿ ಮಾಡಿದ ಸಾರು

ಮಾನೇಸರ್‌ಗೆ ಮೆಷಿನ್ ಕೂರಿಸುವ ಕೆಲಸಕ್ಕೆ ಬಂದವನು ಭಾನುವಾರ ಲೋಧಿ ಕಾಲೋನಿಯ ಭಾವನ ಮನೆಗೆ ಹೋದೆ. ಅಕ್ಕ ತೀರಿಕೊಂಡ ಮೇಲೆ ಅವರು ಸರಿಯಾಗಿ ಉಣ್ಣದೆ ಒಣಗಿಹೋಗಿದ್ದಾರೆ. ನಾನು ಶಾಲೆ ಬೇಗ ಬಿಟ್ಟವನಾದರೂ ಸಾರು ಮಾಡುವುದರಲ್ಲಿ ಅಕ್ಕನ ನಂತರ ನಾನೇ. ದೇವರಿಗೆ ತೋರಿಸುವ ಮೊದಲು ನಮ್ಮಲ್ಲಿ ರುಚಿ ನೋಡುವ ಹಾಗಿಲ್ಲ. ಉಪ್ಪಿನ ಅಳತೆ ಕೈಗೇ ಗೊತ್ತಿರಬೇಕು.

ಅಡುಗೆಮನೆಯಲ್ಲಿ ನಾನೊಬ್ಬನೇ ಇದ್ದೆ. ಒಗ್ಗರಣೆ ಹಾಕಿ ಉಪ್ಪು ತೆಗೆದುಕೊಳ್ಳುವಷ್ಟರಲ್ಲಿ ಭಾವ ಹಾಲ್‌ನಿಂದ ಕೂಗಿದರು: "ಬೇಡ ಕಣೋ, ನಿಮ್ಮಕ್ಕ ಆಗಲೇ ಹಾಕಿದಾಳೆ."

"ಅಚ್ಛಾ, ಹಾಗಾದ್ರೆ ಸಪ್ಪೆ ಸಾರೇ ಉಣ್ಣಿ ಭಾವ," ಎಂದು ತಮಾಷೆ ಮಾಡಿದೆ. ಅವರ ಮನಸ್ಸು ನೋಯಿಸಲಾರದೆ ಉಪ್ಪು ಹಾಕದೆಯೇ ದೇವರಿಗೆ ತೋರಿಸಿ ಬಡಿಸಿದೆ.

ಭಾವ ಎರಡು ಸಲ ಅನ್ನ ಹಾಕಿಸಿಕೊಂಡರು. ನಾನೂ ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಹದವಾಗಿತ್ತು.

"ನಾ ಹೇಳ್ಲಿಲ್ವಾ," ಎಂದರು ಭಾವ, ಬೆರಳು ನೆಕ್ಕುತ್ತಾ.

ಅಡುಗೆಮನೆಗೆ ಬೆನ್ನಾಗದಂತೆ ಕುರ್ಚಿ ತಿರುಗಿಸಿಕೊಂಡು ಊಟ ಮುಗಿಸಿದೆ.