ಅಂಗಳಕ್ಕಿನ್ನೂ ಬೀಳದ ಹಿಮ

ಪಕ್ಕದ ಮನೆಯವರ ಕಾರು ನೋಡಿ ಹೊಟ್ಟೆಕಿಚ್ಚು ಪಟ್ಟವರನ್ನು ಕಂಡಿದ್ದೇನೆ, ಓರಗೆಯವರ ಬಂಗಾರ ನೋಡಿ ಪಟ್ಟವರನ್ನೂ ಕಂಡಿದ್ದೇನೆ. ಹವಾಮಾನದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಬಹುಶಃ ನಾನೊಬ್ಬಳೇ.

ನಾವಿರುವುದು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ. ಜೂನ್ ಬಂತೆಂದರೆ ಇಲ್ಲಿ ಚಳಿಗಾಲ ಶುರು. ಆದರೆ ಎಂಥ ಚಳಿಗಾಲ! ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಕಿಟಕಿಯ ಗಾಜಿಗೆ ಒಳಗಿನಿಂದ ಬೆವರು. ಹಿಮ ಅನ್ನುವುದು ದಕ್ಷಿಣ ದ್ವೀಪದ ಬೆಟ್ಟಗಳ ಆಸ್ತಿ. ಆ ಬೆಟ್ಟಗಳ ನಡುವೆ, ವಾನಾಕಾ ಎಂಬ ಸರೋವರದ ಊರಿನಲ್ಲಿ, ನನ್ನ ನೆಗೆಣ್ಣಿ ಇದ್ದಾಳೆ. ನೆಗೆಣ್ಣಿ ಅಂದರೆ ಮೈದುನನ ಹೆಂಡತಿ, ನಿಮ್ಮ ಕಡೆಯ ವಾರಗಿತ್ತಿ.

ಬಾಗಲಕೋಟೆಯಿಂದ ಅತ್ತೆ ಬಂದಿಳಿದದ್ದು ಮೊದಲು ನಮ್ಮ ಮನೆಗೆ. ವೀಸಾಕ್ಕೆ ಓಡಾಡಿದವಳು ನಾನು, ವಿಮಾನ ನಿಲ್ದಾಣದಲ್ಲಿ ಹೂ ಹಿಡಿದು ನಿಂತವಳು ನಾನು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳಿಗೆ ಇನ್ನೊಬ್ಬರನ್ನು ನೋಡಿಕೊಳ್ಳುವುದು ಕೈಗೆ ಹತ್ತಿದ ಕೆಲಸ. ಡ್ಯೂಟಿ ಮುಗಿಸಿ ಬಂದವಳೇ ರೊಟ್ಟಿ ಬಡಿದು ಬಿಸಿಬಿಸಿ ತಾಟಿಗೆ ಹಾಕುತ್ತಿದ್ದೆ. ಅತ್ತೆ ಎದ್ದು ಒಲೆಯ ಕಡೆ ಬಂದರೆ, "ಅತ್ತಿ, ನೀವು ಆರಾಮ ಕುಂದರ್ರಿ. ಮಾಡೂದು ಊರಾಗ ಇದ್ದ ಐತಿ" ಎಂದು ತಿರುಗಿ ಸೋಫಾಕ್ಕೆ ಕಳಿಸುತ್ತಿದ್ದೆ. ಅವರು ಕೂತು ಕಿಟಕಿಯಾಚೆಯ ಮಳೆ ನೋಡುತ್ತಿದ್ದರು.

ಒಂದು ದಿನ, "ಹಿಮ ಬೀಳೂದು ನೋಡಬೇಕು ನೋಡವಾ" ಅಂದರು.

ಒಂದು ವಾರದ ಮಟ್ಟಿಗೆ ಎಂದು ವಾನಾಕಾಕ್ಕೆ ಕಳಿಸಿಕೊಟ್ಟೆ. ಜೊತೆಗೆ ಜೋಳದ ಹಿಟ್ಟು, ನಾನೇ ಕುಟ್ಟಿದ ಶೇಂಗಾ ಚಟ್ನಿ. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ತಿರುಗಿ ಬರುವುದು ಎಂದು ಮಾತಾಗಿತ್ತು. ನಮ್ಮ ಕಡೆ ಆ ದಿನ ಹಸಿಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಅತ್ತೆಯ ಕೈಯ ಎತ್ತು ಅಂದರೆ ಓಣಿಗೆಲ್ಲ ಹೆಸರು: ಹಿಣಿಲು, ಅಂದರೆ ಹೆಗಲ ಮೇಲಿನ ಡುಬ್ಬ, ಕೊಂಚ ಎಡಕ್ಕೆ ವಾಲಿರುತ್ತದೆ, ಈಗಷ್ಟೇ ನೊಗ ಇಳಿಸಿ ಮೈ ಕೊಡವಿದ ಹಾಗೆ.

ವಾರ ಕಳೆಯಿತು. ಫೋನ್ ಮಾಡಿದೆ.

"ಬಿತ್ತೇನ್ರಿ ಅತ್ತಿ?"

"ಎಲ್ಲಿದವಾ! ಬೆಟ್ಟದ ಮ್ಯಾಲ ಅಷ್ಟ ಬಿದ್ದೈತಿ, ಅಂಗಳಕ್ಕ ಇನ್ನೂ ಬಂದಿಲ್ಲ. ಬೆಟ್ಟದ್ದು ಲೆಕ್ಕಕ್ಕಿಲ್ಲ. ಅಂಗೈಮ್ಯಾಲ ಬೀಳಬೇಕು ನನಗ."

ಟಿಕೆಟ್ ಮುಂದಕ್ಕೆ ಹಾಕಿದೆ. ಮತ್ತೆ ಫೋನ್, ಮತ್ತೆ ಅದೇ ಉತ್ತರ. ಹಿಂದಿನಿಂದ ಪಟಪಟ ಸದ್ದು, ನಗು.

"ಅದೇನ ಸಪ್ಪಳರಿ?"

"ಇಕಿ ರೊಟ್ಟಿ ಬಡ್ಯಾಕತ್ತಾಳ. ಒಂದೂ ದುಂಡಗಾಗವಲ್ದು, ಎಲ್ಲಾ ಆಸ್ಟ್ರೇಲಿಯಾದ ನಕ್ಷೆ ಆಗ್ಯಾವು!"

ನೆಗೆಣ್ಣಿ ಮೈಸೂರಿನವಳು. ಜೋಳದ ಹಿಟ್ಟಿಗೂ ಅವಳಿಗೂ ಮದುವೆಯಾದ ಮೇಲಿನ ಪರಿಚಯ. ಇರಲಿ, ಕಲಿಯಲಿ. ಆದರೆ ಅದು ನಾನು ಕಟ್ಟಿ ಕಳಿಸಿದ ಹಿಟ್ಟು! ಫೋನ್ ಇಟ್ಟ ಮೇಲೂ ಆ ನಗು ಕಿವಿಯಲ್ಲೇ ಇತ್ತು. ನಮ್ಮ ಮನೆಯಲ್ಲಿ ಅತ್ತೆ ಹಾಗೆ ನಕ್ಕದ್ದು ನೆನಪಿಗೆ ಬರಲಿಲ್ಲ.

ಅಂದಿನಿಂದ ಊಟದ ಬಿಡುವಿನಲ್ಲಿ ನನಗೊಂದೇ ಕೆಲಸ, ಮೊಬೈಲಿನಲ್ಲಿ ವಾನಾಕಾದ ಹವಾಮಾನ ನೋಡುವುದು. ಹಿಮ ಬೇಗ ಬಿದ್ದು ಮುಗಿಯಲಿ, ಅತ್ತೆ ಬರಲಿ ಅನ್ನಿಸುತ್ತಿತ್ತು. ಮರುಕ್ಷಣವೇ, ಬೀಳದೇ ಹೋಗಲಿ, ಅವಳ ಅಂಗಳದಲ್ಲೇ ಯಾಕೆ ಬೀಳಬೇಕು ಅನ್ನಿಸುತ್ತಿತ್ತು. ಒಂದು ದಿನ ಪರದೆಯ ಮೇಲೆ ಹಿಮದ ಚಿತ್ರವೇ ಬಂತು. ಕೂಡಲೇ ಫೋನ್ ಮಾಡಿದರೆ ನೆಗೆಣ್ಣಿ ಎತ್ತಿದಳು.

"ಇಲ್ಲಕ್ಕ, ಬರೀ ಮಳೆ. ಈ ಆಪ್ ಯಾವಾಗ್ಲೂ ಹೀಗೇನೇ."

"ವಿಡಿಯೊ ಹಾಕು, ಅತ್ತೀನ್ನ ನೋಡ್ತೀನಿ."

ಹಾಕಿದಳು. ಅತ್ತೆ ಕಂಡರು, ಅವರ ಬೆನ್ನ ಹಿಂದೆ ಕಿಟಕಿಗೆ ಎಳೆದ ಪರದೆಯೂ ಕಂಡಿತು. ನಡುಮಧ್ಯಾಹ್ನ. "ಚಳಿ ಅಕ್ಕ, ಅದಕ್ಕೇ" ಅಂದಳು.

ಅಮಾವಾಸ್ಯೆಯೂ ಬಂತು, ಅತ್ತೆ ಬರಲಿಲ್ಲ. ಮಕ್ಕಳ ಕರಕುಶಲ ಸಾಮಾನಿನ ಅಂಗಡಿಯಿಂದ ಮಣ್ಣು ತಂದು ಒಬ್ಬಳೇ ಎತ್ತು ಮಾಡಿದೆ. ಯಜಮಾನರು ಬಗ್ಗಿ ನೋಡಿ, "ಚಲೋ ಆತು ಬಿಡು, ನ್ಯೂಜಿಲೆಂಡಿಗೆ ತಕ್ಕಂಗ ಕುರಿ ಮಾಡೀದಿ" ಅಂದರು. ನನಗೆ ನಗು ಬರಲಿಲ್ಲ. ರಜೆ ಹಾಕಿದೆ. ಸೋಮವಾರಕ್ಕೆ ಅತ್ತೆಗೂ ನನಗೂ ಸೇರಿಸಿ ವಾಪಸು ಟಿಕೆಟ್ ತೆಗೆದು, ಶುಕ್ರವಾರವೇ ವಿಮಾನ ಹತ್ತಿದೆ.

ವಾನಾಕಾಕ್ಕೆ ಹತ್ತಿರದ ವಿಮಾನ ನಿಲ್ದಾಣ ಕ್ವೀನ್ಸ್‌ಟೌನ್; ಅಲ್ಲಿಗೆ ನೆಗೆಣ್ಣಿ ಕಾರು ತಂದಿದ್ದಳು. ದಾರಿಯುದ್ದಕ್ಕೂ ಬೆಟ್ಟಗಳು ನೆತ್ತಿಯಿಂದ ಸೊಂಟದವರೆಗೆ ಬೆಳ್ಳಗಿದ್ದವು. ಮನೆಯಂಗಳದಲ್ಲಿ ಮಾತ್ರ ಕಂದಿದ ಹುಲ್ಲು. ನಂಬಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು: ಇಳಕಲ್ ಸೀರೆಯ ಮೇಲೆ ನೆಗೆಣ್ಣಿಯ ದಪ್ಪ ಜಾಕೆಟ್, ತಲೆಗೆ ಉಣ್ಣೆಯ ಟೊಪ್ಪಿ, ಕೈತುಂಬ ಹಿಟ್ಟು. ಗಲ್ಲ ಕೆಂಪಗಾಗಿದ್ದವು. ನನ್ನ ಮನೆಯಲ್ಲಿ ಹಣ್ಣು ಹೆಚ್ಚಿ ಕೊಟ್ಟರೂ ಏರದ ಕೆಂಪು.

ಸಂಜೆ ಕಾಯಿಪಲ್ಲೆಯ ಸಿಪ್ಪೆ ಎತ್ತಿಕೊಂಡು ಹೊರಗೆ ಹೊರಟೆ. "ಬೇಡ ಅಕ್ಕ, ನಾನು ಹಾಕ್ತೀನಿ, ಕೊಡಿ ಇಲ್ಲಿ" ಎಂದು ನೆಗೆಣ್ಣಿ ಓಡಿ ಬಂದಳು. ಆ ಗಡಿಬಿಡಿ ನೋಡಿಯೇ ನಾನು ಕೊಡಲಿಲ್ಲ. ಕಸದ ಡಬ್ಬಿ ಇದ್ದದ್ದು ಗ್ಯಾರೇಜಿನ ಹಿಂದೆ, ದಕ್ಷಿಣದ ಗೋಡೆಗೆ. ಈ ದೇಶದಲ್ಲಿ ಚಳಿಗಾಲದ ಬಿಸಿಲು ದಕ್ಷಿಣದ ಗೋಡೆಗೆ ಬೀಳುವುದೇ ಇಲ್ಲ.

ಗೋಡೆಯ ಬುಡದಲ್ಲಿ ಹೆಪ್ಪುಗಟ್ಟಿದ ಹಿಮದ ಸಾಲು. ಅದರ ಮುಂದೆ ಒಂದು ಜೊತೆ ಎತ್ತು. ಹಿಮದಲ್ಲೇ ಮಾಡಿದ ಬಿಳಿ ಎತ್ತುಗಳು. ಒಂದರ ಕೋಡು ಮುರಿದಿತ್ತು. ಕಣ್ಣಿಗೆ ಮೆಣಸಿನ ಕಾಳು, ಹಣೆಗೆ ಹಚ್ಚಿದ ಕುಂಕುಮ ಇಳಿದು ಮೂತಿಯೆಲ್ಲ ಗುಲಾಬಿ. ಹಿಣಿಲು ಎಡಕ್ಕೆ ವಾಲಿತ್ತು.

ಸಿಪ್ಪೆಯ ಬಟ್ಟಲು ಹಿಡಿದುಕೊಂಡೇ ನಿಂತೆ. ಹಿಂದೆ ಹೆಜ್ಜೆ ಸಪ್ಪಳವಾಯಿತು, ಅತ್ತೆ.

"ಯಾವಾಗ ಬಿತ್ರಿ?"

"ಅಮಾಸಿ ಹಿಂದಿನ ದಿನ" ಅಂದರು. ಬಗ್ಗಿ ಎತ್ತಿನ ಮುರಿದ ಕೋಡು ಸವರುತ್ತ, "ಅದಕ್ಕೂ ಮೊದಲ ಒಮ್ಮಿ ಬಿದ್ದಿತ್ತು."

"ಮತ್ತ ನನಗ್ಯಾಕ ಹೇಳಲಿಲ್ಲರಿ?"

"ಹೇಳಿದ್ರ ಮರುದಿನಾನ ಕರಸಿಕೊಂತಿದ್ದಿ."

"ನನ್ನ ಮನ್ಯಾಗ ಏನ್ ಕಮ್ಮಿ ಮಾಡಿದ್ನಿರಿ ಅತ್ತಿ?"

"ಏನೂ ಕಮ್ಮಿ ಮಾಡಿಲ್ಲ, ಅದ ತ್ರಾಸ ನೋಡು. ನಿನ್ನ ಮನ್ಯಾಗ ನಾ ಬೀಗ್ತಿ ಬಂದಂಗ ಇರ್ತೀನಿ. ನನಗ ಬರೂದೆಲ್ಲಾ ನಿನಗ ಬರ್ತೈತಿ, ನನಗಿಂತ ಚಲೋ ಬರ್ತೈತಿ. ಇಕಿಗೆ ಏನಂದ್ರ ಏನೂ ಬರೂದಿಲ್ಲ. ದಿನಾ ಮುಂಜಾನೆ ಎದ್ದು 'ಅತ್ತೆ, ಮುಂದೇನು?' ಅಂತಾಳ. ನನ್ನ ಯಾರರ ಹಂಗ ಕೇಳಿ ಎಷ್ಟ್ ದಿನ ಆಗಿತ್ತವಾ."

ನನ್ನಜ್ಜಿ ನನಗೆ ಮಾತನ್ನೂ ರೊಟ್ಟಿಯನ್ನೂ ಒಂದೇ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದ್ದಳು. ಯಾವ ಮನೆಗೆ ಹೋದರೂ ತಲೆ ತಗ್ಗಿಸಬಾರದು ಎಂದು ಕಲಿಸಿದ್ದಳು. ಆ ಸಂಜೆ ಮಾತ್ರ ಏನೂ ಬಾರದ ಒಬ್ಬಳನ್ನು ಕಂಡು ನನಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು.

ಮರುದಿನ ಬೆಳಿಗ್ಗೆ ಅತ್ತೆ ಭುಜ ಅಲುಗಿಸಿ ಎಬ್ಬಿಸಿದರು. "ಏಳವಾ, ಬಂತು."

ಇಷ್ಟು ವರ್ಷ ಈ ದೇಶದಲ್ಲಿದ್ದೂ ಬಿದ್ದ ಹಿಮ ನೋಡಿದ್ದೆ, ಬೀಳುವ ಹಿಮ ನೋಡಿರಲಿಲ್ಲ. ಸದ್ದೇ ಇಲ್ಲ. ಮೇಲೆ ಯಾರೋ ಕೂತು ಹಿಟ್ಟು ಸೋಸುತ್ತಿದ್ದ ಹಾಗೆ. ಅವಸರದಲ್ಲಿ ಅಂಗೈ ಚಾಚಿ ಮುಖದ ಹತ್ತಿರ ತಂದರೆ ಬರೀ ನೀರು.

"ಹಂಗಲ್ಲ, ಮುಖದ ಹಂತೇಕ ತರಬ್ಯಾಡ, ಉಸರಿಗೇ ಕರಗ್ತೈತಿ. ತೋಳಿನ ಮ್ಯಾಲ ಹಿಡಿ, ಉಣ್ಣಿ ಮ್ಯಾಲ ನಿಲ್ತೈತಿ" ಎಂದು ಅತ್ತೆ ನನ್ನ ಕೈ ತಿರುಗಿಸಿ ಹಿಡಿದರು. ಸ್ವೆಟರಿನ ತೋಳಿನ ಮೇಲೆ ಒಂದು ಚೂರು ಬಂದು ಕೂತಿತು, ಕೂತೇ ಇತ್ತು.

"ಮುಂದೇನ್ರಿ ಅತ್ತಿ?" ಅಂದೆ. ಮಾತು ಹೊರಬಿದ್ದ ಮೇಲೆ ನನಗೇ ನಾಚಿಕೆಯಾಯಿತು.

ಅವರು ನಕ್ಕರು. ಫೋನಿನಲ್ಲಿ ಕೇಳಿದ್ದ ಅದೇ ನಗು. "ಮುಂದ ರೊಟ್ಟಿ ತಿನ್ನೂದು. ನಡಿ ಒಳಗ."

ಒಳಗೆ ನೆಗೆಣ್ಣಿಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ದುಂಡಗೆ, ತೆಳ್ಳಗೆ, ಎಲ್ಲೂ ಸೀಳಿಲ್ಲ. ಅವಳು ಕಣ್ಣರಳಿಸಿ ನನ್ನನ್ನು ನೋಡಿದಳು, "ಹೇಗಿದೆ ಅಕ್ಕ? ನಿಮ್ಮಷ್ಟು ಚೆನ್ನಾಗಿ ಬಂತಾ?"

ಅತ್ತೆ ಆ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದರು. ಸೋಮವಾರದ ಟಿಕೆಟ್ ಇಬ್ಬರ ಹೆಸರಿನಲ್ಲೂ ಇತ್ತು. ಚೆನ್ನಾಗಿದೆ ಅಂದರೆ ಕಲಿಸುವುದು ಮುಗಿದ ಹಾಗೆ.

ನಾನು ಅಂಚು ಮುರಿದು ಬಾಯಿಗೆ ಹಾಕಿಕೊಂಡೆ, ನಿಧಾನ ಅಗಿದೆ.

"ಅಂಚು ಇನ್ನೂ ದಪ್ಪ ಐತಿ. ಶ್ರಾವಣದತನಾ ಬಡ್ದರ ಸರಿ ಹೋದೀತು ನೋಡ್ರಿ ಅತ್ತಿ."

ಅತ್ತೆ ಸಟ್ಟನೆ ಒಲೆಯ ಕಡೆ ತಿರುಗಿ ಇನ್ನೊಂದು ಹಿಡಿ ಹಿಟ್ಟು ತೆಗೆದರು. ನೆಗೆಣ್ಣಿಯ ಮುಖ ಮಾತ್ರ ಸಣ್ಣದಾಯಿತು. ಅದನ್ನು ನೋಡಿ ನನಗೆ ಒಂಚೂರು ಹಿತವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.